ಹಳೆ ದೆಹಲಿ ಸುತ್ತುವವರಿಗೆ: ದಿನ, ದಾರಿ, ಲೇಸಿನ ಲೆಕ್ಕ

ಮೊದಲು ವಾರ ನೋಡಿ. ಸೋಮವಾರ ಕೆಂಪುಕೋಟೆಗೆ ರಜೆ, ಭಾನುವಾರ ಚಾಂದನಿ ಚೌಕದ ಬಹುಪಾಲು ಅಂಗಡಿಗೆ ಬೀಗ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು ಜಾಮಾ ಮಸೀದಿಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಹಾಗಾಗಿ ಮಂಗಳವಾರದಿಂದ ಗುರುವಾರದೊಳಗೆ ಹೋಗುವುದೇ ಸರಿ.

ಬೆಳಿಗ್ಗೆ ಎಂಟಕ್ಕೆಲ್ಲ ಮಸೀದಿಯಲ್ಲಿರಿ. ಚಪ್ಪಲಿ ಬಿಡಬೇಕು, ಬೇಸಿಗೆಯಲ್ಲಿ ಹತ್ತು ಗಂಟೆ ದಾಟಿದರೆ ಅಂಗಳದ ಕೆಂಪು ಕಲ್ಲು ಕಾದ ಹೆಂಚು. ದಪ್ಪ ಹತ್ತಿ ಕಾಲುಚೀಲ ಇಟ್ಟುಕೊಳ್ಳಿ.

ಆಮೇಲೆ ಕೋಟೆ. ಲಾಹೋರಿ ಗೇಟಿನಿಂದ ಒಳಹೊಕ್ಕ ತಕ್ಷಣ ಸಿಗುವ ಛತ್ತಾ ಚೌಕ ಷಹಜಹಾನನ ಕಾಲದ ಮುಚ್ಚುಮಾಡಿನ ಬಜಾರು. ಬಳೆ-ಬೊಂಬೆ ಅಂಗಡಿಗಳಲ್ಲೇ ಕಣ್ಣು ನೆಡಬೇಡಿ, ತಲೆಯೆತ್ತಿ ಕಮಾನು ನೋಡಿ. ಬೆಳಕು-ಗಾಳಿಗೆಂದು ನಡುವೆ ಎಂಟು ಮೂಲೆಯ ಜಾಗವೊಂದನ್ನು ಆಕಾಶಕ್ಕೆ ತೆರೆದು ಬಿಟ್ಟಿದ್ದಾರೆ.

ಅಂಗಡಿಗಳು ಪೂರ್ತಿ ತೆರೆಯುವಾಗ ಹನ್ನೊಂದಾಗುತ್ತದೆ. ಬೆಳ್ಳಿಗೆ ದರೀಬಾ ಕಲಾಂ, ಅದಕ್ಕೆ ಅಂಟಿದ ಕಿನಾರಿ ಬಜಾರಿನಲ್ಲಿ ಜರಿ, ಲೇಸು. ಎಡವುವುದು ಇಲ್ಲೇ. ಲೇಸು ಸಾಮಾನ್ಯವಾಗಿ 9 ಮೀಟರಿನ ರೋಲಿನಲ್ಲಿ ಬರುತ್ತದೆ. ಐದೂವರೆ ಮೀಟರಿನ ಸೀರೆಯ ಎರಡೂ ಅಂಚಿಗೆ 11 ಮೀಟರ್, ಸೆರಗಿಗೆ ಮತ್ತೆ ಒಂದೂಕಾಲು ಮೀಟರ್ ಬೇಕು. ಒಂದು ರೋಲ್ ಸಾಲದು. ಎರಡನ್ನೂ ಒಟ್ಟಿಗೇ ತಗೊಳ್ಳಿ, ಬಾಗಿಲ ಬೆಳಕಿಗೆ ಹಿಡಿದು ಬಣ್ಣ ಹೋಲಿಸಿ. ಟ್ಯೂಬ್‌ಲೈಟಿನಡಿ ಎಲ್ಲ ಜರಿಯೂ ಒಂದೇ ಥರ ಕಾಣುತ್ತದೆ.

ಫತೇಪುರಿ ಮಸೀದಿ ಪಕ್ಕದ ಖಾರಿ ಬಾವಲಿ ಮಸಾಲೆಗೆ. ಮೆಣಸಿನ ಘಾಟಿಗೆ ಕೆಮ್ಮು ಖಚಿತ, ಕರವಸ್ತ್ರ ಇರಲಿ. ಬಣ್ಣಕ್ಕಾದರೆ ನಮ್ಮ ಬ್ಯಾಡಗಿಯೇ ಸಾಕು. ಅಲ್ಲಿಂದ ಮೆಣಸು ಹೊರಬೇಡಿ, ಒಣಹಣ್ಣು ತನ್ನಿ.