ಎರಡು ತೆಂಗಿನ ಮರ, ಒಂದು ಕೇಬಲ್, ನಾಲ್ಕು ಬ್ಯಾಂಡ್

ನಮ್ಮ ಮನೆ ಉಡುಪಿಯ ಕೊಡವೂರಿನಲ್ಲಿ, ಮಲ್ಪೆ ಕಡಲಿಗೆ ಹತ್ತಿರ. ಹಿತ್ತಲಿನ ಆ ತುದಿಗೊಂದು ಈ ತುದಿಗೊಂದು ತೆಂಗಿನ ಮರ, ನಡುವೆ 26 ಮೀಟರ್. ಹ್ಯಾಮ್ ಲೈಸೆನ್ಸ್, ಅಂದರೆ ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವ ಪರವಾನಗಿ, ಕೈಗೆ ಬಂದಾಗ ನನ್ನ ಹತ್ತಿರ ಇದ್ದದ್ದು ಆ ಮರಗಳು ಮತ್ತು ಒಂದು ಹಳೇ ರೇಡಿಯೊ ಸೆಟ್. ಇಷ್ಟರಲ್ಲೇ ಒಂದು ಆಂಟೆನಾ ಕಟ್ಟಿ 40, 20, 15, 10 ಮೀಟರ್, ನಾಲ್ಕೂ ಬ್ಯಾಂಡ್ (ಹ್ಯಾಮ್‌ಗಳಿಗೆ ಬಿಟ್ಟಿರುವ ಫ್ರೀಕ್ವೆನ್ಸಿಗಳ ಹರವು) ಬೇಕು ಅಂತ ಆಸೆ.

ಈ 'ಮೀಟರ್' ಎಲ್ಲಿಂದ ಬಂತು? ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಮಂಗಳೂರು ಆಕಾಶವಾಣಿಯನ್ನು 1089 ಕಿಲೋಹರ್ಟ್ಸ್‌ನಲ್ಲಿ ಕೇಳುತ್ತಿದ್ದೆವು. ಅಂದರೆ 275 ಮೀಟರ್. ಲೆಕ್ಕ ಸುಲಭ: 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. ನಮ್ಮಲ್ಲಿ ಹ್ಯಾಮ್‌ಗಳಿಗೆ 7ರಿಂದ 7.2 ಮೆಗಾಹರ್ಟ್ಸ್ ಉಂಟು, ಅದು 40 ಮೀಟರ್ ಬ್ಯಾಂಡ್. 14ರದ್ದು 20, 21ರದ್ದು 15, 28ರದ್ದು 10. ಒಂದೊಂದರ ಗುಣ ಬೇರೆ. ಹಗಲಲ್ಲಿ 40 ಮೀಟರ್ ಹಾಕಿದರೆ ಬೆಂಗಳೂರು, ಕೊಚ್ಚಿ ಪಕ್ಕದ ಮನೆ ಹಾಗೆ ಕೇಳುತ್ತದೆ. ಸಂಜೆ 20ಕ್ಕೆ ಹೋದರೆ ಯುರೋಪಿನವರು. 10 ಮೀಟರ್ ಸೂರ್ಯನ ಮರ್ಜಿ. ಅವನ ಮೇಲೆ ಕಲೆಗಳು ಜಾಸ್ತಿ ಇರುವ ವರ್ಷಗಳಲ್ಲಿ ಮಾತ್ರ ಮಜಾ.

ಅರ್ಧ ಅಲೆಯ ಉದ್ದದ ತಂತಿಯನ್ನು ನಡುವೆ ಕತ್ತರಿಸಿ ಅಲ್ಲಿಗೆ ಸೆಟ್ಟಿನಿಂದ ಬರುವ ಕೇಬಲ್ ಜೋಡಿಸಿದರೆ ಡೈಪೋಲ್ ಆಂಟೆನಾ. ತುದಿಗಳ ಪ್ರಭಾವದಿಂದ ಲೆಕ್ಕಕ್ಕಿಂತ ಸುಮಾರು 5 ಶೇಕಡಾ ಚಿಕ್ಕದು ಸಾಕು. ಹಾಗಾಗಿ ನಾವು 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸುತ್ತೇವೆ. 7.1ಕ್ಕೆ ಸುಮಾರು 20 ಮೀಟರ್, ಬದಿಗೆ ಹತ್ತು. ಒಂದೇ ಕೇಬಲ್‌ಗೆ ಬೇರೆ ಬೇರೆ ಉದ್ದದ ಜೋಡಿ ತಂತಿಗಳನ್ನು ಬೀಸಣಿಗೆ ಹಾಗೆ ಬಿಡಿಸಿ ಕಟ್ಟಿದರೆ ಫ್ಯಾನ್ ಡೈಪೋಲ್. ಯಾವ ಬ್ಯಾಂಡ್‌ನಲ್ಲಿ ಮಾತಾಡುತ್ತೇವೋ ಆ ಜೋಡಿ ಶಕ್ತಿಯನ್ನು ಎಳೆದುಕೊಳ್ಳುತ್ತದೆ, ಉಳಿದವು ಹೆಚ್ಚುಕಮ್ಮಿ ಸುಮ್ನೆ ಇರುತ್ತವೆ.

ನಾನು ಮನೆ ವೈರಿಂಗಿನ 1.5 ಚದರ ಮಿಲಿಮೀಟರ್ ತಾಮ್ರದ ವೈರ್ ತಂದೆ. ಪಿವಿಸಿ ಪೈಪಿನ ತುಂಡುಗಳೇ ಇನ್ಸುಲೇಟರ್. ಹಗ್ಗ ಮಲ್ಪೆಯಿಂದ, ಬೋಟಿನವರು ಬಳಸುವ ನೈಲಾನ್. ಕಾಯಿ ಕೀಳಲು ಬಂದವರ ಕೈಯಲ್ಲೇ ಮರಕ್ಕೆ ರಾಟೆ ಕಟ್ಟಿಸಿದೆ. ಅಮ್ಮ ನೋಡಿ, "ಬಟ್ಟೆ ಹಾಕ್ಲಿಕ್ಕೆ ಅಷ್ಟು ಎತ್ತರ ಯಾಕೆ ಮಾರಾಯ?" ಅಂದರು.

ಇಲ್ಲಿ ಒಂದು ಒಳ್ಳೇ ಕೆಲಸ ಮಾಡಿದ್ದೆ: ತಂತಿ ಕತ್ತರಿಸಲಿಲ್ಲ, ಮಡಚಿದೆ. 40ರ ಜೋಡಿಯನ್ನು ಬದಿಗೆ 10.5 ಮೀಟರ್ ಇಟ್ಟು ಏರಿಸಿ, ಆಂಟೆನಾ ಯಾವ ಫ್ರೀಕ್ವೆನ್ಸಿಗೆ ಒಗ್ಗುತ್ತದೆ ಅಂತ ತೋರಿಸುವ ನ್ಯಾನೋ ವಿಎನ್‌ಎ ಮೀಟರಿನಲ್ಲಿ ನೋಡಿದರೆ 6.65 ಮೆಗಾಹರ್ಟ್ಸ್‌ನಲ್ಲಿ ಕೂತಿದೆ. ಪ್ಲಾಸ್ಟಿಕ್ ಹೊದಿಕೆ ಇರುವ ವೈರ್ ಲೆಕ್ಕಕ್ಕಿಂತ ಕೆಳಗೆ ಕೂರುತ್ತದೆ, ನೆಲ ಹತ್ತಿರ ಇದ್ದರೂ ಅಷ್ಟೇ. ಈಗಿನ ಉದ್ದವನ್ನು ಈಗಿನ ಫ್ರೀಕ್ವೆನ್ಸಿಯಿಂದ ಗುಣಿಸಿ, ಬೇಕಾದ ಫ್ರೀಕ್ವೆನ್ಸಿಯಿಂದ ಭಾಗಿಸಬೇಕು. 10.5 ಗುಣಿಸು 6.65, ಭಾಗಿಸು 7.1. ಬಂದದ್ದು 9.83. ಅಷ್ಟಕ್ಕೆ ಮಡಚಿ ಸುತ್ತಿದೆ, ಒಂದೆರಡು ಸಲ ಇಳಿಸಿ ಏರಿಸಿದ ಮೇಲೆ ಸರಿಹೋಯಿತು.

20 ಮೀಟರ್ ಬ್ಯಾಂಡಿನ ಜೋಡಿಯಲ್ಲಿ ಮಾತ್ರ ಬುದ್ಧಿ ಕೈಕೊಟ್ಟಿತು. ಅದನ್ನು ಬೇರೆಯೇ ಕಟ್ಟಿ, 14.15ಕ್ಕೆ ಸರಿಯಾಗಿ ಕೂರಿಸಿ, ಹೆಮ್ಮೆಯಿಂದ ಕತ್ತರಿಸಿಬಿಟ್ಟೆ. ಉದ್ದದ ತಂತಿಯ ಜೊತೆ ಸೇರಿಸಿದ ಕೂಡಲೇ 14.5 ದಾಟಿತು. ನಮ್ಮ ಬ್ಯಾಂಡ್ ಮುಗಿಯುವುದೇ 14.35ಕ್ಕೆ! ತಂತಿಗಳು ಹತ್ತಿರ ಇದ್ದಾಗ ಒಂದು ಇನ್ನೊಂದನ್ನು ಬಿಡುವುದಿಲ್ಲ. ಮತ್ತೆ ತುಂಡು ಜೋಡಿಸಿ ಬೆಸುಗೆ ಹಾಕಿದೆ. ಮೊದಲು ಎಲ್ಲವನ್ನೂ ಕಟ್ಟಿ, ಅತಿ ಉದ್ದದ್ದರಿಂದ ಶುರುಮಾಡಿ, ಚಿಕ್ಕದಕ್ಕೆ ಬರಬೇಕು. ಆಮೇಲೆ ಇನ್ನೊಂದು ಸುತ್ತು. ತುದಿಗಳ ನಡುವೆ ಅರ್ಧ ಮೀಟರಾದರೂ ಅಂತರ ಇಟ್ಟ ಮೇಲೆ ಜಗಳ ಕಡಿಮೆಯಾಯಿತು.

15 ಮೀಟರಿಗೆ ತಂತಿಯೇ ಹಾಕಲಿಲ್ಲ. ಏಳ್ ಮೂರ್ಲೆ ಇಪ್ಪತ್ತೊಂದು ಅಲ್ವಾ! 40ರ ಡೈಪೋಲ್ ಮೂರು ಪಟ್ಟಿನಲ್ಲೂ ಕೆಲಸ ಮಾಡುತ್ತದೆ. ಆದರೆ ಸರಿಯಾಗಿ ಮೂರು ಪಟ್ಟು ಅಲ್ಲ, ಸ್ವಲ್ಪ ಮೇಲೆ, ಏಕೆಂದರೆ ಆ 5 ಶೇಕಡಾ ತುದಿಗೆ ಮಾತ್ರ ಸಂಬಂಧಪಟ್ಟದ್ದು. ನನ್ನದು 21.7ರ ಹತ್ತಿರ ಕೂತಿತು. ಸೆಟ್ಟಿಗೂ ಆಂಟೆನಾಕ್ಕೂ ಹೊಂದಾಣಿಕೆ ಮಾಡಿಸುವ ಟ್ಯೂನರ್ ಸೆಟ್ಟಿನಲ್ಲೇ ಉಂಟು, ಅದು ಇದನ್ನು ಸಂಭಾಳಿಸುತ್ತದೆ. ಎರಡು ಪಟ್ಟಿನಲ್ಲಿ, ಅಂದರೆ 14ರಲ್ಲಿ, ಈ ಉಪಾಯ ನಡೆಯುವುದಿಲ್ಲ. ಅಲ್ಲಿ ತಂತಿಯ ನಡುವಿನಲ್ಲೇ ಕರೆಂಟು ತೀರಾ ಕಡಿಮೆ, ಕೇಬಲ್ ಕೊಟ್ಟದ್ದನ್ನು ಅದು ತೆಗೆದುಕೊಳ್ಳುವುದಿಲ್ಲ. 10 ಮೀಟರಿನ ಜೋಡಿ ಬದಿಗೆ ಎರಡೂವರೆ ಮೀಟರ್, ಅದು ತಕರಾರು ಮಾಡಲಿಲ್ಲ.

ಈಗ ಮಳೆಗಾಲದ ಕತೆ. ಜುಲೈಯಲ್ಲಿ ಒಂದು ದಿನ ನೋಡಿದರೆ ಎಸ್‌ಡಬ್ಲ್ಯುಆರ್ ನಾಲ್ಕೂ ಬ್ಯಾಂಡ್‌ನಲ್ಲಿ ಚಂದ ಇಳಿದಿದೆ. ಕಳಿಸಿದ ಶಕ್ತಿಯಲ್ಲಿ ಎಷ್ಟು ವಾಪಸ್ ಬರುತ್ತದೆ ಅಂತ ಹೇಳುವ ಅಳತೆ ಅದು. 1 ಇದ್ದರೆ ಏನೂ ವಾಪಸ್ ಇಲ್ಲ. 15ರಲ್ಲೂ ಟ್ಯೂನರ್ ಬೇಡ! ಖುಷಿಯಿಂದ ಕರೆದರೆ ಯಾರೂ ಉತ್ತರ ಕೊಡುತ್ತಿಲ್ಲ. ಒಬ್ಬ ಹಿರಿಯ ಹ್ಯಾಮ್‌ಗೆ ಫೋನ್ ಮಾಡಿದೆ. ಅವರು ನಕ್ಕು, "ಆಂಟೆನಾ ಸರಿಹೋಗಿದ್ದಲ್ಲ ಮಾರಾಯ್ರೇ, ನಿಮ್ಮ ಕೇಬಲ್ ನೀರು ಕುಡಿದಿದೆ. ಮೇಲಿನ ತುದಿ ಬಿಚ್ಚಿ ನೋಡಿ" ಅಂದರು.

ಮಳೆ ಬಿಟ್ಟ ಹೊತ್ತಿನಲ್ಲಿ ಇಳಿಸಿ, ಆಂಟೆನಾ ಕಳಚಿ, ಖಾಲಿ ಕೇಬಲ್‌ಗೆ ಮೀಟರ್ ಹಿಡಿದೆ. ತುದಿಯಲ್ಲಿ ಏನೂ ಇಲ್ಲದಿದ್ದರೆ ಎಲ್ಲ ಶಕ್ತಿ ವಾಪಸ್ ಬರಬೇಕು, ಮುಳ್ಳು ಆಕಾಶಕ್ಕೆ ಹೋಗಬೇಕು. ನನ್ನದು 14 ಮೆಗಾಹರ್ಟ್ಸ್‌ನಲ್ಲಿ 3 ತೋರಿಸಿತು. ಅಂದರೆ ಹೋಗುವಾಗಲೇ ಅರ್ಧ ಶಕ್ತಿ ಕೇಬಲ್ ತಿನ್ನುತ್ತಿದೆ, ಬರುವಾಗ ಉಳಿದದ್ದರಲ್ಲಿ ಮತ್ತೆ ಅರ್ಧ. ವಾಪಸ್ ಬರಲು ಹೆಚ್ಚೇನೂ ಉಳಿಯದ್ದಕ್ಕೇ ಅಷ್ಟು ಚಂದದ ಅಂಕಿ. ಸಿಪ್ಪೆ ಸುಲಿದರೆ ಒಳಗಿನ ತಾಮ್ರದ ಜಾಲರಿ ಒಂದೂವರೆ ಮೀಟರ್ ತನಕ ಕಪ್ಪು, ಅಲ್ಲಲ್ಲಿ ಹಸಿರು. ಕಡಲ ಗಾಳಿ, ಉಪ್ಪು, ನೀರು, ಮೂರೂ ಸೇರಿದರೆ ಇನ್ನೇನಾಗಬೇಕು?

ಹೊಸ ಕೇಬಲ್ ಹಾಕಿದೆ. ಜೋಡಣೆಗೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್, ಅದರ ಮೇಲೆ ಮಾಮೂಲಿ ಟೇಪ್. ಆಂಟೆನಾಕ್ಕೆ ಸೇರುವಲ್ಲಿ ಅದೇ ಕೇಬಲನ್ನು ಪಿವಿಸಿ ಪೈಪಿಗೆ ಹತ್ತು ಹನ್ನೆರಡು ಸುತ್ತು ಸುತ್ತಿದ್ದೇನೆ, ಕೇಬಲಿನ ಹೊರಮೈಯಲ್ಲಿ ಕರೆಂಟು ಇಳಿದು ಬರದ ಹಾಗೆ. ಮನೆಯೊಳಗೆ ಬರುವ ಮೊದಲು ಕೇಬಲನ್ನು ಕೆಳಗೆ ಜೋಲಲು ಬಿಟ್ಟಿದ್ದೇನೆ. ನೀರು ಅಲ್ಲೇ ತೊಟ್ಟಿಕ್ಕಲಿ. ಮರ ತೂಗಿದಾಗ ತಂತಿ ತುಂಡಾಗದಂತೆ ರಾಟೆಯ ಆಚೆ ತುದಿಗೆ ಮರಳು ತುಂಬಿದ ಕ್ಯಾನ್. ಗುಡುಗು ಕೇಳಿದರೆ ಕೇಬಲ್ ಕಳಚಿ ಹೊರಗೆ ಇಡುತ್ತೇನೆ.

ಎಸ್‌ಡಬ್ಲ್ಯುಆರ್ ಈಗ 40ರಲ್ಲಿ 1.4, 15ರಲ್ಲಿ ಎರಡೂವರೆ. ನೋಡಲಿಕ್ಕೆ ಜುಲೈಯಷ್ಟು ಚಂದ ಇಲ್ಲ. ಆದರೆ ಇಟಲಿಯವರೊಬ್ಬರು ಮೊದಲ ಕರೆಗೇ ಉತ್ತರ ಕೊಟ್ಟರು.

ಇನ್ನು 80 ಮೀಟರ್ ಬೇಕು ಅಂತ ಕಣ್ಣು. ಅದಕ್ಕೆ 40 ಮೀಟರ್ ತಂತಿ, ಅಂದರೆ ಆಚೆ ಮನೆಯವರ ಮರ. ಕೇಳಿದ್ದೇನೆ. ಕಾಯಿ ಕಡಿಮೆ ಆಗ್ತದಾ ಅಂತ ಅವರ ಪ್ರಶ್ನೆ.