ಸಕ್ಕರೆಯಿಂದ ಡೆಕ್ಸ್ಟ್ರಾನ್ ತಯಾರಿಸುವುದು ಹೇಗೆ?

ಕಡಿದ ಕಬ್ಬನ್ನು ದಿನಗಟ್ಟಲೆ ಬಿಟ್ಟು ಅರೆದರೆ ರಸ ಲೋಳೆಯಾಗುತ್ತದೆ. ಸಕ್ಕರೆ ಕಾರ್ಖಾನೆಗೆ ತಲೆನೋವಾದ ಆ ಲೋಳೆಯೇ ಡೆಕ್ಸ್ಟ್ರಾನ್, ಗ್ಲೂಕೋಸ್ ಅಣುಗಳ ಉದ್ದ ಸರಪಳಿ. ರಕ್ತದ್ರವದ ಪ್ರಮಾಣ ಕಾಯುವ ಡ್ರಿಪ್‌ಗೂ ಕಬ್ಬಿಣದ ಇಂಜೆಕ್ಷನ್‌ಗೂ ಅದೇ ಬೇಕು. ಅದನ್ನು ಮಾಡುವುದು ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ. ಇಡ್ಲಿ ಹಿಟ್ಟು ಉಬ್ಬುವುದರಲ್ಲೂ ಇದರದೇ ಕೈವಾಡ. ಔಷಧಕ್ಕೆ ಬಿ-512ಎಫ್ ತಳಿ ಹಿಡಿಯಿರಿ: ಸುಮಾರು 95% ಕೊಂಡಿಗಳು ನೇರ ಸರಪಳಿ ಕಟ್ಟುವ ಆಲ್ಫಾ 1-6 ಬಗೆಯವು, ಕವಲು ಕಡಿಮೆ.

ಮೊದಲು ಕಿಣ್ವ. ಲೀಟರಿಗೆ ಸುಕ್ರೋಸ್ (ಮಾಮೂಲಿ ಸಕ್ಕರೆ), ಯೀಸ್ಟ್ ಎಕ್ಸ್‌ಟ್ರಾಕ್ಟ್, ಡೈಪೊಟ್ಯಾಸಿಯಂ ಫಾಸ್ಫೇಟ್ ತಲಾ 20 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 0.2 ಗ್ರಾಂ, ಚಿಟಿಕೆ ಮ್ಯಾಂಗನೀಸ್. ಸುಕ್ರೋಸನ್ನು ಬೇರೆಯಾಗಿಯೇ ಆಟೋಕ್ಲೇವ್ ಮಾಡಿ, ಆಮೇಲೆ ಸೇರಿಸಿ. ಅದರ ಬದಲು ಗ್ಲೂಕೋಸ್ ಹಾಕಿದರೆ ಬ್ಯಾಕ್ಟೀರಿಯಾ ಚೆನ್ನಾಗಿಯೇ ಬೆಳೆಯುತ್ತದೆ, ಆದರೆ ಡೆಕ್ಸ್ಟ್ರಾನ್ ಕಟ್ಟುವ ಕಿಣ್ವ ಡೆಕ್ಸ್ಟ್ರಾನ್‌ಸುಕ್ರೇಸ್ ಬರುವುದಿಲ್ಲ. ಸುಕ್ರೋಸ್ ಕಂಡರೇ ಅದು ಕಿಣ್ವ ಬಿಡುವುದು. ಪಿಎಚ್ 6.9, 26 ಡಿಗ್ರಿ. ಆಮ್ಲ ಹುಟ್ಟಿ ಪಿಎಚ್ ಇಳಿಯುತ್ತದೆ, 5ರ ಕೆಳಗೆ ಹೋಗಲು ಬಿಡಬೇಡಿ. ಬೆಳವಣಿಗೆ ಮುಗಿದ ಕೂಡಲೇ 5.2ಕ್ಕೆ ತಂದು ಕೋಶಗಳನ್ನು ಸೆಂಟ್ರಿಫ್ಯೂಜ್ ಮಾಡಿ ತೆಗೆಯಿರಿ. 7ರ ಆಸುಪಾಸಿನಲ್ಲಿ ರಾತ್ರಿಯಿಡೀ ಬಿಟ್ಟ ಕಿಣ್ವ ಬೆಳಿಗ್ಗೆಗೆ ಕೆಲಸಕ್ಕೆ ಬರುವುದಿಲ್ಲ.

ಕೋಶ ತೆಗೆದ ಮೇಲೆ ಉಳಿದ ದ್ರವದಲ್ಲಿ ಕಿಣ್ವವಿದೆ. ಈಗ ಅದನ್ನು ಸೇರಿಸಿ ನಿಜವಾದ ಕ್ರಿಯೆ. ಲೀಟರಿಗೆ 100 ಗ್ರಾಂ ಸುಕ್ರೋಸ್, ಅಸಿಟೇಟ್ ಬಫರ್ ಪಿಎಚ್ 5.2, ಸ್ವಲ್ಪ ಕ್ಯಾಲ್ಸಿಯಂ ಕ್ಲೋರೈಡ್, 30 ಡಿಗ್ರಿ. ಕೋಶಗಳ ಶಕ್ತಿಯ ಅಣುವಾದ ಎಟಿಪಿ ಬೇಡ, ಸುಕ್ರೋಸಿನ ಕೊಂಡಿಯಲ್ಲಿರುವ ಶಕ್ತಿಯೇ ಸಾಕು. ಗ್ಲೂಕೋಸ್ ಸರಪಳಿ ಸೇರುತ್ತದೆ, ಫ್ರಕ್ಟೋಸ್ ಹೊರಬೀಳುತ್ತದೆ. ಬಿಡಿ ಸಕ್ಕರೆ ಅಳೆಯುವ ಡಿಎನ್ಎಸ್ ಪರೀಕ್ಷೆಯಲ್ಲಿ ಫ್ರಕ್ಟೋಸ್ ಲೀಟರಿಗೆ 50 ಗ್ರಾಂ ಹತ್ತಿರ ಬಂದು ನಿಂತರೆ ಸುಕ್ರೋಸ್ ಬಹುತೇಕ ಮುಗಿದಂತೆ. ಡೆಕ್ಸ್ಟ್ರಾನ್ ಲೆಕ್ಕದಲ್ಲಿ ಗರಿಷ್ಠ 47 ಗ್ರಾಂ. ಅದಕ್ಕಿಂತ ಹೆಚ್ಚು ತೂಗಿದರೆ ಖುಷಿಪಡಬೇಡಿ, ಒಳಗೆ ನೀರೋ ಫ್ರಕ್ಟೋಸೋ ಉಳಿದಿದೆ.

ಡೆಕ್ಸ್ಟ್ರಾನ್ ತಳಕ್ಕಿಳಿಯಲು, ಕಲಕುತ್ತಾ ಸಮಪ್ರಮಾಣದ ಎಥನಾಲ್ ನಿಧಾನವಾಗಿ ಸುರಿಯಿರಿ. ಒಮ್ಮೆಗೇ ಸುರಿದರೆ ಅಂಟಿನ ಮುದ್ದೆ ಕಲಕುವ ರೆಕ್ಕೆಗೆ ಸುತ್ತಿಕೊಂಡು ಫ್ರಕ್ಟೋಸನ್ನು ಒಳಗೇ ಹಿಡಿದಿಡುತ್ತದೆ. ಇಳಿದ ಡೆಕ್ಸ್ಟ್ರಾನನ್ನು ನೀರಲ್ಲಿ ಕರಗಿಸಿ, ಎಥನಾಲ್ ಸುರಿದು ಮತ್ತೆ ಇಳಿಸಿ.

ಇಷ್ಟು ಸುಲಭದ ಭಾಗ. ಸಿಕ್ಕಿದ್ದರ ಅಣುತೂಕ ದಶಲಕ್ಷಗಳಲ್ಲಿ. ಡ್ರಿಪ್‌ಗೆ ಬೇಕಾದ್ದು ಸರಾಸರಿ 40,000 ಅಥವಾ 70,000. ತೀರಾ ದೊಡ್ಡವು ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುತ್ತವೆ, ತೀರಾ ಚಿಕ್ಕವು ಮೂತ್ರದಲ್ಲಿ ಬೇಗ ಹೋಗಿಬಿಡುತ್ತವೆ. ಹಾಗಾಗಿ ಸರಪಳಿ ತುಂಡರಿಸಲು ಸುಮಾರು 5% ಡೆಕ್ಸ್ಟ್ರಾನ್ ದ್ರಾವಣಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ ಪಿಎಚ್ 1.5ರ ಹತ್ತಿರ, 95 ಡಿಗ್ರಿಯಲ್ಲಿಡಿ. ಗಡಿಯಾರ ನಂಬಬೇಡಿ, ಆಗಾಗ ಸ್ನಿಗ್ಧತೆ ಅಳೆಯಿರಿ, ಗುರಿ ಮುಟ್ಟಿದೊಡನೆ ಸೋಡಿಯಂ ಹೈಡ್ರಾಕ್ಸೈಡಿನಿಂದ ತಟಸ್ಥಗೊಳಿಸಿ. ಬಳಿಕ ಎಥನಾಲನ್ನು ಹಂತಹಂತವಾಗಿ ಏರಿಸಿ: ದೊಡ್ಡ ಅಣುಗಳು ಮೊದಲು ಬೀಳುತ್ತವೆ, ಬೇಕಾದವು ನಡುವೆ, ಚೂರುಪಾರು ದ್ರವದಲ್ಲೇ. ಉಷ್ಣಾಂಶ ಏರುಪೇರಾದರೆ ಈ ಗೆರೆಗಳೂ ಸರಿಯುತ್ತವೆ, ವಾಟರ್‌ಬಾತ್ ಬಿಟ್ಟು ಮಾಡಬೇಡಿ.

ಬ್ಯಾಕ್ಟೀರಿಯಾ ಗ್ರಾಂ-ಪಾಸಿಟಿವ್, ಹಾಗಾಗಿ ಎಂಡೋಟಾಕ್ಸಿನ್ (ರಕ್ತಕ್ಕೆ ಸೇರಿದರೆ ಜ್ವರ ಬರಿಸುವ, ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗಳ ವಿಷ) ಅದರದ್ದಲ್ಲ. ನೀರಿನಿಂದ, ಪಾತ್ರೆಗಳಿಂದ ಬರುತ್ತದೆ. ಆಟೋಕ್ಲೇವ್‌ಗೆ ಅದು ನಾಶವಾಗುವುದಿಲ್ಲ. ಗಾಜನ್ನು 250 ಡಿಗ್ರಿ ಒಣ ಶಾಖದಲ್ಲಿ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಇಡಿ. ಪ್ರಯೋಗಾಲಯದ ಬೆಂಚಿನ ಮೇಲೆ ಮಾಡಿದ್ದು ಕಲಿಕೆಗೆ, ಪರೀಕ್ಷೆಗೆ ಮಾತ್ರ, ಸೂಜಿಗೆ ಏರಿಸುವಂಥದ್ದಲ್ಲ.