ಮೆಲ್ಬರ್ನ್‌ದಾಗ ಅಪ್ಪ-ಅವ್ವ ಅಡ್ಮಿಟ್ ಆದ್ರ: ಡೇಟಾ ಸರ್ಕಾರದ ಕಡೆ ಐತಿ, ಡಾಕ್ಟರ್ ಕಡೆ ಇಲ್ಲ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದು ಇಲ್ಲೆ ನೆಲೆಸಿದವ್ರು ಅಪ್ಪ-ಅವ್ವನ್ನ ವಿಸಿಟರ್ ವೀಸಾ ಮ್ಯಾಲ ಕರಸ್ಕೋತೀರಲ್ಲ, ಇದು ನಿಮಗ. ಇನ್ಶೂರೆನ್ಸ್ ಮಾಡಸ್ರಿ, ಎಮರ್ಜೆನ್ಸಿಗೆ 000 ಹಚ್ರಿ, ಅದೆಲ್ಲಾ ಗೊತ್ತಿದ್ದದ್ದ, ಬಿಡ್ರಿ. ನಾ ಹೇಳೂದು ಆಸ್ಪತ್ರಿ ದಾಖಲೆ ಮಾತು.

ಮೆಲ್ಬರ್ನ್ ಇರೋ ವಿಕ್ಟೋರಿಯಾ ರಾಜ್ಯದಾಗ ಸರ್ಕಾರಿ ಇರ್ಲಿ, ಪ್ರೈವೇಟ್ ಇರ್ಲಿ, ಮುಂಜಾನೆ ಹೋಗಿ ಸಂಜಿಗೆ ಬರೋ ಡೇ ಸೆಂಟರ್ ಇರ್ಲಿ, ಪ್ರತಿಯೊಂದು ಅಡ್ಮಿಷನ್ನಿನ ಲೆಕ್ಕ ರಾಜ್ಯದ ಹೆಲ್ತ್ ಡಿಪಾರ್ಟ್‌ಮೆಂಟಿಗೆ ಹೋಗ್ತದ. ವಿಎಇಡಿ (ವಿಕ್ಟೋರಿಯನ್ ಅಡ್ಮಿಟೆಡ್ ಎಪಿಸೋಡ್ಸ್ ಡೇಟಾಸೆಟ್) ಅಂತಾರ ಅದಕ್ಕ. ವಯಸ್ಸು, ಹುಟ್ಟಿದ ದೇಶ, ಭಾಷೆ, ಏನು ರೋಗ, ಏನು ಆಪರೇಷನ್, ಎಷ್ಟು ದಿನ ಇದ್ರು, ಎಲ್ಲಾ ಇರ್ತದ, ಹೆಸರು ಇರೂದಿಲ್ಲ. ಡಾಕ್ಟರ್ ಬರದ ನೋಟ್ಸ್ ಓದಿ ಕೋಡರ್‌ಗಳು ಐಸಿಡಿ-10-ಎಎಂ ಕೋಡ್, ಅಂದ್ರ ಒಂದೊಂದು ರೋಗಕ್ಕ ಒಂದೊಂದು ಗುರುತಿನ ನಂಬರ್, ಹಾಕ್ತಾರ. ಯಾವ ಊರಾಗ ಬೆಡ್ ಕಡಿಮಿ ಬೀಳ್ತಾವ ಅನ್ನೋ ಪ್ಲಾನಿಂಗ್, ರಿಸರ್ಚ್, ಎಲ್ಲಾ ಇದರ ಮ್ಯಾಲ ನಡೀತದ, 1993ರಿಂದ ಸರ್ಕಾರಿ ಆಸ್ಪತ್ರಿಗೆ ರೊಕ್ಕ ಕೊಡೋದೂ ಇಂಥ ಕೇಸ್ ಲೆಕ್ಕ ಹಿಡದ. ಈ ವಿಷಯದಾಗ ಇವರದ್ದ ಭಾಳ ಚಲೋ. ನಮ್ಮಲ್ಲೆ ಆಯುಷ್ಮಾನ್ ಕಾರ್ಡ್ ಮ್ಯಾಲ ಆದದ್ದು ಲೆಕ್ಕಕ್ಕ ಸಿಗ್ತದ, ಕೈಯಿಂದ ರೊಕ್ಕ ಕೊಟ್ಟು ನರ್ಸಿಂಗ್ ಹೋಮ್‌ನಾಗ ಮಲಗಿದವ್ರದ್ದು ಹಿಂಗ ಒಂದ ಕಡೆ ಕೂಡೂದಿಲ್ಲ.

ಈಗ ಮೋಸ ಹೋಗೋ ಜಾಗಾ ಕೇಳ್ರಿ. ಎಲ್ಲಾ ಆಸ್ಪತ್ರಿ ಡೇಟಾ ಸರ್ಕಾರದ ಕಡೆ ಐತಿ ಅಂದ್ರ ಮುಂದಿನ ಆಸ್ಪತ್ರಿ ಡಾಕ್ಟರ್‌ಗೆ ಕಂಪ್ಯೂಟರ್‌ನಾಗ ಎಲ್ಲಾ ಕಾಣ್ತದ ಅಂತ ಹೊಸಬರು ಅನ್ಕೋತಾರ. ಕಾಣೂದಿಲ್ಲ! ವಿಎಇಡಿ ಟ್ರೀಟ್‌ಮೆಂಟ್‌ಗೆ ಇರೂದ ಅಲ್ಲ, ಅದರಾಗ ಕೋಡ್ ಇರ್ತಾವ, ಸ್ಕ್ಯಾನ್ ಇಲ್ಲ, ರಕ್ತದ ರಿಪೋರ್ಟ್ ಇಲ್ಲ. ಎಮರ್ಜೆನ್ಸಿಗೆ ಹೋಗಿ ಅಡ್ಮಿಟ್ ಆಗದ ಹೊಳ್ಳಿ ಬಂದ್ರ ಅದು ವಿಎಇಡಿಗೆ ಬರೂದ ಇಲ್ಲ, ಬೇರೆ ಲೆಕ್ಕಕ್ಕ ಹೋಗ್ತದ. ಗದಗ ಕಡೆ ಹುಡುಗ ಒಬ್ಬಂವ ಅಪ್ಪನ್ನ ಒಂದು ಆಸ್ಪತ್ರಿಯಿಂದ ಡಿಸ್ಚಾರ್ಜ್ ಮಾಡಿಸ್ಕೊಂಡು ಬರಿಗೈಲೆ ಬಂದ, ಸ್ವಲ್ಪ ದಿನಕ್ಕ ಮತ್ತ ಎದಿನೋವು, ಬ್ಯಾರೆ ಆಸ್ಪತ್ರಿ, ಅಲ್ಲೆ ಸಿಟಿ ಸ್ಕ್ಯಾನ್, ರಕ್ತ ಪರೀಕ್ಷೆ ಎಲ್ಲಾ ಮೊದಲಿಂದ. ಮೆಡಿಕೇರ್ ಅಂದ್ರ ಇಲ್ಲಿ ಸರ್ಕಾರದ ಆರೋಗ್ಯ ವಿಮೆ, ಭಾರತದ ಜೋಡಿ ಆಸ್ಟ್ರೇಲಿಯಾಕ್ಕ ಅದರ ಒಪ್ಪಂದ ಇಲ್ಲ, ಬಿಲ್ ಪೂರಾ ಇವರ ಮ್ಯಾಲ ಬಂತು, ಬಿಪಿ ಮೊದಲಿಂದನ ಇತ್ತು ಅಂತ ಇನ್ಶೂರೆನ್ಸ್‌ನವ್ರು ಕೈ ಎತ್ತಿದ್ರು. ಹಾವೇರಿ ಮಂದಿ ಹುಬ್ಬಳ್ಳಿ ಕಿಮ್ಸ್‌ಗೆ ಹೊಂಟ್ರ ಎಕ್ಸ್‌ರೇ ಕವರು, ಹಳೇ ಚೀಟಿ ಎಲ್ಲಾ ಚೀಲದಾಗ ಹಾಕ್ಕೊಂಡ ಬಸ್ ಹತ್ತತಾರ, ಆ ರೂಢಿ ನನ್ನ ಕೇಳಿದ್ರ ಇಲ್ಲೆಗಿಂತ ಚಲೋ, ಬಿಡಬ್ಯಾಡ್ರಿ. ವಾರ್ಡ್ ಬಿಡೂಕಿಂತ ಮೊದಲ ಡಿಸ್ಚಾರ್ಜ್ ಸಮ್ಮರಿ, ರಿಪೋರ್ಟ್ ಕಾಪಿ ಕೇಳಿ ಇಸ್ಕೋರಿ. ಆಮ್ಯಾಲ ಬೇಕಂದ್ರ ಸರ್ಕಾರಿ ಆಸ್ಪತ್ರಿಗೆ ಫ್ರೀಡಂ ಆಫ್ ಇನ್ಫರ್ಮೇಷನ್ ಅರ್ಜಿ (ನಮ್ಮ ಆರ್‌ಟಿಐ ಇದ್ದಂಗ) ಹಾಕಿ ಫೀ ಕಟ್ಟಿ 30 ದಿನದ ತನಕ ಕಾಯಬೇಕಾಗ್ತದ, ಅಷ್ಟೊತ್ತಿಗೆ ಅಪ್ಪನ ವಾಪಸ್ ಫ್ಲೈಟ್ ಬಂದಿರ್ತದ. ಮೈ ಹೆಲ್ತ್ ರೆಕಾರ್ಡ್ ಅಂತ ಸರ್ಕಾರದ ಆನ್‌ಲೈನ್ ಆರೋಗ್ಯ ದಾಖಲೆ ಇನ್ನೊಂದೈತಿ, ಮೆಡಿಕೇರ್ ಇದ್ದವ್ರು ನೋಡ್ಕೋಬಹುದು, ಆದ್ರ ಅದರಾಗೂ ಎಲ್ಲಾ ಕಾಗದ ಇರ್ತಾವ ಅಂತ ನಂಬಿ ಕೂಡಬ್ಯಾಡ್ರಿ.

ಇನ್ನೊಂದು, ಅಡ್ಮಿಷನ್ ಕೌಂಟರ್‌ನಾಗ ಭಾಷೆ ಕೇಳ್ತಾರ. ಮಗ ಮುಂದ ನಿಂತು ಇಂಗ್ಲಿಷ್ ಅಂತಾನ, ಅವ್ವಗ ಇಂಗ್ಲಿಷ್ ಬರೂದಿಲ್ಲ. ಹಂಗ ಮಾಡಬ್ಯಾಡ್ರಿ. ಇವರ ಲಿಸ್ಟ್‌ನಾಗ ಕನ್ನಡಕ್ಕ ಬ್ಯಾರೆ ಕೋಡ್ ಐತಿ, 5101. ಕನ್ನಡ ಅಂತ ಬರಸ್ರಿ, ಇಂಟರ್‌ಪ್ರಿಟರ್ ಬೇಕು ಅಂತ ಹೇಳ್ರಿ, ಸರ್ಕಾರಿ ಆಸ್ಪತ್ರಿಯಾಗ ಅದಕ್ಕ ರೊಕ್ಕ ತಗೊಳ್ಳೂದಿಲ್ಲ. ನಾವು ಇಂಗ್ಲಿಷ್ ಅಂತ ಬರಸಿದ್ರ ಕನ್ನಡ ಮಾತಾಡೋ ಪೇಷಂಟ್ ಎಷ್ಟು ಮಂದಿ ಅದಾರ ಅಂತ ಪ್ಲಾನ್ ಮಾಡೋರಿಗೆ ಗೊತ್ತಾಗೂದಾದ್ರೂ ಹೆಂಗ್ರಿ?